ಎಲ್ಲ ಕಾಮಾಲೆಯೂ ಒಂದೇ ಅಲ್ಲ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಒಬ್ಬನ ಕಣ್ಣು ಹಳದಿಯಾಯಿತೆಂದರೆ ಮನೆಯವರ ಬಾಯಿಂದ ಹೊರಡುವುದು ಒಂದೇ ಪದ: ಕಾಮಾಲೆ. ಪದ ಹೊರಟೊಡನೆ ಮುಂದಿನ ದಾರಿಯೂ ನಿಶ್ಚಯವಾಗಿಬಿಡುತ್ತದೆ. ನೆಲನೆಲ್ಲಿಯ ರಸ, ಎಣ್ಣೆ-ಖಾರವಿಲ್ಲದ ಪಥ್ಯ, ಪಕ್ಕದೂರಿನ ನಾಟಿ ವೈದ್ಯರ ಪುಡಿ, ಕೆಲವೆಡೆ ಇಂದಿಗೂ ಕಾಸಿದ ಕಬ್ಬಿಣದ ಬರೆ. ನಮ್ಮ ಸಮುದಾಯದಲ್ಲಾದರೆ ಇದರ ಜೊತೆಗೆ ಊದಿಸಿ ತಂದ ನೀರು ಮತ್ತು ತಾವೀಜು. ಕೆಲವು ವಾರಗಳಲ್ಲಿ ಕಣ್ಣಿನ ಹಳದಿ ಇಳಿಯುತ್ತದೆ; ಔಷಧ ಫಲಿಸಿತೆಂದು ಎಲ್ಲರೂ ನಂಬುತ್ತಾರೆ. ರೋಗಿ ಮಗ್ಗಕ್ಕೋ ಕಬ್ಬಿನ ಗದ್ದೆಗೋ ಮರಳುತ್ತಾನೆ. ಈ ನಂಬಿಕೆಯ ಮರೆಯಲ್ಲಿಯೇ ಒಂದು ಕೊಲೆಗಡುಕ ರೋಗ ನಮ್ಮ ಬಡ ಬಸ್ತಿಗಳಲ್ಲಿ ಬೇರೂರಿ ಕುಳಿತಿದೆ ಎಂಬುದನ್ನು ನಾವು ಇಂದು ಓದುಗರ ಮುಂದಿಡಬಯಸುತ್ತೇವೆ.

ಕಾಮಾಲೆ ರೋಗದ ಹೆಸರಲ್ಲ, ಅದು ಲಿವರ್ ತೋರಿಸುವ ಒಂದು ಲಕ್ಷಣ. ಕೆಟ್ಟ ನೀರು ಮತ್ತು ಆಹಾರದಿಂದ ಬರುವ ಹೆಪಟೈಟಿಸ್ 'ಎ' ಮತ್ತು 'ಇ' ಬೇರೆ, ರಕ್ತದ ದಾರಿಯಲ್ಲಿ ಬರುವ ಹೆಪಟೈಟಿಸ್ 'ಬಿ' ಬೇರೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಮತ್ತು ಘಟಪ್ರಭೆ ಉಕ್ಕಿ ಜಮಖಂಡಿ, ಮುಧೋಳ ತಾಲೂಕುಗಳ ಊರುಗಳೊಳಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಅಂತಹ ನೆರೆಯ ಬೆನ್ನಿಗೆ ಭಯಪಡಬೇಕಾದ ಕಾಮಾಲೆ ಮೊದಲ ಬಗೆಯದು. ಗರ್ಭಿಣಿಯರಿಗೆ 'ಇ' ಅಪಾಯಕಾರಿ ಎಂಬುದನ್ನು ಬಿಟ್ಟರೆ ಬಹುತೇಕರಲ್ಲಿ ಅದು ತಾನಾಗಿಯೇ ಬಂದು ತಾನಾಗಿಯೇ ಹೋಗುತ್ತದೆ. ನೆಲನೆಲ್ಲಿಗೆ ಸಲ್ಲುವ ಕೀರ್ತಿಯ ಬಹುಪಾಲು ಹೀಗೆ ತಾನಾಗಿ ವಾಸಿಯಾದವರದು.

ನೆಲನೆಲ್ಲಿಯನ್ನು ನಾವು ತುಚ್ಛೀಕರಿಸುತ್ತಿಲ್ಲ. ಆಧುನಿಕ ವಿಜ್ಞಾನವೂ ಅದನ್ನು ತುಚ್ಛೀಕರಿಸಲಿಲ್ಲ. ಹೆಪಟೈಟಿಸ್ 'ಬಿ' ವೈರಸ್ಸಿನ ಜಾಡನ್ನು 1960ರ ದಶಕದಲ್ಲಿ ಪತ್ತೆ ಹಚ್ಚಿ 1976ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಅಮೆರಿಕದ ಬರೂಚ್ ಬ್ಲೂಮ್‌ಬರ್ಗ್, ಮದ್ರಾಸಿನ ಎಸ್. ಪಿ. ತ್ಯಾಗರಾಜನ್ ಅವರ ಜೊತೆಗೂಡಿ ಇದೇ ಸಸ್ಯವನ್ನು ರೋಗಿಗಳ ಮೇಲೆ ಪರೀಕ್ಷಿಸಿದರು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅವರ ವರದಿ ಬಹಳ ಆಶಾದಾಯಕವಾಗಿತ್ತು. ಆದರೆ ತರುವಾಯ ಬೇರೆ ದೇಶಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಆ ಫಲಿತಾಂಶ ಮರುಕಳಿಸಲಿಲ್ಲ. ಅಂದರೆ ನಮ್ಮ ಹಿತ್ತಲ ಗಿಡಕ್ಕೆ ನ್ಯಾಯವಾದ ಅವಕಾಶ ಸಿಕ್ಕಿತ್ತು. 'ಬಿ' ವೈರಸ್ಸಿನ ಮುಂದೆ ಅದು ನಿಲ್ಲಲಿಲ್ಲ. ಇದನ್ನು ಒಪ್ಪಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ.

ಹೆಪಟೈಟಿಸ್ 'ಬಿ'ಯ ಕುಟಿಲತೆ ಇರುವುದು ಅದರ ಮೌನದಲ್ಲಿ. ಬಹಳಷ್ಟು ಜನರಲ್ಲಿ ಅದು ಕಣ್ಣನ್ನು ಹಳದಿಯೂ ಮಾಡುವುದಿಲ್ಲ. ಪ್ರಾಯಕ್ಕೆ ಬಂದವನ ದೇಹ ಹೊಕ್ಕರೆ ನೂರರಲ್ಲಿ ತೊಂಬತ್ತೈದು ಪಾಲು ಅದನ್ನು ದೇಹವೇ ಹೊರದೂಡುತ್ತದೆ. ಆದರೆ ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ: ನೂರರಲ್ಲಿ ತೊಂಬತ್ತು ಶಿಶುಗಳಲ್ಲಿ ಅದು ಬಾಳಿನುದ್ದಕ್ಕೂ ಉಳಿಯುತ್ತದೆ. ಆ ಮಗು ಆಡುತ್ತದೆ, ಓದುತ್ತದೆ, ದುಡಿಯುತ್ತದೆ, ಮದುವೆಯಾಗುತ್ತದೆ. ಮೂವತ್ತೈದು ನಲವತ್ತರ ವಯಸ್ಸಿನಲ್ಲಿ, ಮನೆಯ ಹೊರೆಯೆಲ್ಲ ಹೆಗಲ ಮೇಲಿರುವಾಗ, ಹೊಟ್ಟೆಯಲ್ಲಿ ನೀರು ತುಂಬುತ್ತದೆ ಅಥವಾ ಲಿವರಿನಲ್ಲಿ ಗಡ್ಡೆ ಕಾಣಿಸುತ್ತದೆ. ಆಗ ನೆರೆಹೊರೆಯವರ ಬಾಯಲ್ಲಿ ಬರುವ ಮಾತು, 'ಕುಡಿಯುತ್ತಿದ್ದನೇನೋ' ಎಂದು. ಬಾಳಿನಲ್ಲಿ ಒಂದು ತೊಟ್ಟು ಮದ್ಯ ಮುಟ್ಟದವನೂ ಈ ಅಪವಾದವನ್ನು ಹೊತ್ತುಕೊಂಡೇ ಕಬರಸ್ತಾನಕ್ಕೆ ಹೋಗಬೇಕಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಹೇಳುವಂತೆ, 2022ರಲ್ಲಿ ಜಗತ್ತಿನಲ್ಲಿ 25 ಕೋಟಿ 40 ಲಕ್ಷ ಜನರ ದೇಹದಲ್ಲಿ ಈ ವೈರಸ್ ನೆಲೆಸಿತ್ತು. ಅದರಲ್ಲಿ 2 ಕೋಟಿ 98 ಲಕ್ಷ ಮಂದಿ ಭಾರತದವರು. ಅದೊಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸತ್ತವರು 11 ಲಕ್ಷ. ತಮಗೆ ಸೋಂಕಿದೆಯೆಂದು ತಿಳಿದಿದ್ದವರು ಜಾಗತಿಕವಾಗಿ ನೂರಕ್ಕೆ 13 ಮಾತ್ರ. ನಮ್ಮ ದೇಶದ ಸ್ಥಿತಿ ಅದಕ್ಕಿಂತಲೂ ಕೆಳಗೆ. ದೇಶದ ಸರಾಸರಿಯನ್ನೇ ಹಿಡಿದರೂ ಸಾವಿರ ಜನರಿರುವ ಒಂದು ನೇಕಾರರ ಓಣಿಯಲ್ಲಿ ಇಪ್ಪತ್ತು ಮಂದಿ ಈ ವೈರಸ್ಸನ್ನು ಹೊತ್ತು ತಿರುಗುತ್ತಿರಬೇಕು. ಆ ಇಪ್ಪತ್ತರಲ್ಲಿ ಹದಿನೆಂಟು ಮಂದಿಗಾದರೂ ಅದರ ಅರಿವಿಲ್ಲ.

ಹಾಗಾದರೆ ಅದು ಓಣಿಗೆ ಬರುವುದು ಹೇಗೆ? ಇಲ್ಲಿಯೇ ಬಡತನದ ಪ್ರಶ್ನೆ ಎದುರಾಗುತ್ತದೆ. ರಬಕವಿ-ಬನಹಟ್ಟಿಯ ಮಗ್ಗದ ಕೂಲಿಕಾರನಿಗೆ ರಜೆಯ ಸಂಬಳವಿಲ್ಲ. ನೇಯ್ದ ಸೀರೆಯ ಲೆಕ್ಕಕ್ಕೆ ಕೂಲಿ. ಜ್ವರದಿಂದ ಎರಡು ದಿನ ಮಲಗಿದರೆ ಎರಡು ದಿನದ ಒಲೆ ಆರುತ್ತದೆ. ಆದ್ದರಿಂದ ಅವನು ಔಷಧಾಲಯದ ಬೆಂಚಿನ ಮೇಲೆ ಕುಳಿತು ಕೇಳುವುದು ಒಂದೇ ಮಾತು: 'ಸೂಜಿ ಮಾಡ್ರಿ'. ಗುಳಿಗೆ ಕೊಟ್ಟು ಕಳುಹಿಸುವ ವೈದ್ಯರ ಮೇಲೆ ಅವನಿಗೆ ವಿಶ್ವಾಸ ಹುಟ್ಟುವುದಿಲ್ಲ. ಸಂಧಿ ನೋವಿಗೂ ಸೂಜಿ, ನಿಶ್ಶಕ್ತಿಗೂ ಸಲೈನ್. ಈ ಬೇಡಿಕೆಯನ್ನು ಪೂರೈಸಲು ಪ್ರತಿ ಓಣಿಯಲ್ಲೂ ಪದವಿಯಿಲ್ಲದ 'ಆರ್‌ಎಂಪಿ'ಗಳಿದ್ದಾರೆ. ಅವರು ಸಾಲ ಹೇಳಿದರೂ ಸೂಜಿ ಮಾಡುತ್ತಾರೆ, ರಾತ್ರಿ ಹನ್ನೊಂದಕ್ಕೂ ಬಾಗಿಲು ತೆರೆಯುತ್ತಾರೆ. ಸರಕಾರಿ ವೈದ್ಯರು ಮಾಡದ್ದನ್ನು ಅವರು ಮಾಡುತ್ತಾರೆಂಬ ಕಾರಣಕ್ಕೇ ಜನ ಅವರನ್ನು ಬಿಟ್ಟುಕೊಡುವುದಿಲ್ಲ. ಅವರನ್ನು ಬೈದು ಮುಗಿಸುವುದು ಸುಲಭ, ಅವರ ಜಾಗವನ್ನು ತುಂಬುವುದು ಕಷ್ಟ ಎಂಬುದು ನಮಗೆ ಗೊತ್ತು.

ಆದರೆ ಒಂದೇ ಸಿರಿಂಜನ್ನು ಬಿಸಿನೀರಿನಲ್ಲಿ ಅಲುಗಾಡಿಸಿ ಮತ್ತೊಬ್ಬನಿಗೆ ಚುಚ್ಚಿದರೆ ಏನಾಗುತ್ತದೆಂಬುದನ್ನು ದೇಶ ನೋಡಿದೆ. 2009ರ ಆರಂಭದಲ್ಲಿ ಗುಜರಾತಿನ ಸಾಬರಕಾಂಠಾ ಜಿಲ್ಲೆಯ ಮೋಡಾಸಾ ಪಟ್ಟಣದ ಸುತ್ತ ಹೆಪಟೈಟಿಸ್ 'ಬಿ' ಹಠಾತ್ತನೆ ಹಬ್ಬಿತು. ಹತ್ತಾರು ಜೀವಗಳು ಹೋದವು. ತನಿಖೆ ಬೊಟ್ಟು ಮಾಡಿದ್ದು ಮರುಬಳಕೆಯಾದ ಸಿರಿಂಜುಗಳತ್ತ. ಅಲ್ಲಿ ಆರೋಪಕ್ಕೆ ಗುರಿಯಾದವರಲ್ಲಿ ಪದವಿ ಪಡೆದ ವೈದ್ಯರೂ ಇದ್ದರು ಎಂಬುದನ್ನು ಗಮನಿಸಬೇಕು. 2018ರಲ್ಲಿ ಉತ್ತರ ಪ್ರದೇಶದ ಉನ್ನಾವೋ ಜಿಲ್ಲೆಯ ಬಾಂಗರಮವು ಎಂಬಲ್ಲಿ ಇದೇ ರೀತಿ ಒಬ್ಬ ನಕಲಿ ವೈದ್ಯನ ಸೂಜಿಯಿಂದ ಹತ್ತಾರು ಬಡವರಿಗೆ ಎಚ್‌ಐವಿ ತಗಲಿತೆಂಬ ಸುದ್ದಿ ಬಂತು. 2000ದ ದಶಕದ ಮೊದಲ ವರ್ಷಗಳಲ್ಲಿ ನಡೆದ ರಾಷ್ಟ್ರಮಟ್ಟದ ಅಧ್ಯಯನವೊಂದು ಭಾರತದಲ್ಲಿ ವರ್ಷಕ್ಕೆ 300 ಕೋಟಿ ಚುಚ್ಚುಮದ್ದುಗಳು ನೀಡಲ್ಪಡುತ್ತವೆ, ಅವುಗಳಲ್ಲಿ ನೂರಕ್ಕೆ 63ರಷ್ಟು ಅಸುರಕ್ಷಿತ ಎಂದು ಲೆಕ್ಕ ಹಾಕಿತ್ತು. ಒಮ್ಮೆ ಬಳಸಿ ಎಸೆಯುವ ಸಿರಿಂಜು ಈಗ ಎಲ್ಲೆಡೆ ಬಂದಿದೆ, ನಿಜ. ಆದರೂ ರೋಗಿ ತನ್ನ ಕಣ್ಣೆದುರಿಗೇ ಹೊಸ ಪೊಟ್ಟಣವನ್ನು ಒಡೆಯಬೇಕೆಂದು ಕೇಳುವ ಧೈರ್ಯ ಮಾಡಿದಾಗಲೇ ಅದು ರಕ್ಷಣೆ. ಬಡವನಿಗೆ ವೈದ್ಯರ ಮುಂದೆ ಆ ಮಾತು ಬಾಯಿಗೆ ಬರುವುದಿಲ್ಲ.

ಚಿಕಿತ್ಸೆಯನ್ನು ಅರಿಯದೆ ಚಿಕಿತ್ಸಕನಾಗಿ ಕುಳಿತವನು ಅದರಿಂದಾಗುವ ಹಾನಿಗೆ ತಾನೇ ಹೊಣೆ ಎಂಬುದು ಇಸ್ಲಾಮೀ ಧರ್ಮಶಾಸ್ತ್ರದಲ್ಲಿ ಶತಮಾನಗಳಿಂದ ಸ್ಥಾಪಿತವಾದ ನಿಯಮ. ಮದ್ರಸಾದ ಪಾಠಗಳಲ್ಲಿ ಇದನ್ನು ಓದುತ್ತೇವೆ, ಮಿಂಬರಿನ ಮೇಲಿಂದ ಮಾತ್ರ ಇದು ಕೇಳಿಬರುವುದು ಅಪರೂಪ.

ಸೂಜಿಯೊಂದೇ ದಾರಿಯಲ್ಲ. ಈ ವೈರಸ್ ದೇಹದ ಹೊರಗೆ ಒಣಗಿದ ರಕ್ತದಲ್ಲಿ ಕನಿಷ್ಠ ಏಳು ದಿನ ಜೀವಂತವಿರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತ ಅಂಟಿದ ಬ್ಲೇಡು ಸಾಕು. ಗಡ್ಡ ತೀಡುವ ಕತ್ತಿ, ಕಿವಿ-ಮೂಗು ಚುಚ್ಚುವ ಸೂಜಿ, ಜಾತ್ರೆಯಲ್ಲಿ ಹಚ್ಚೆ ಹಾಕುವ ಯಂತ್ರ, ಹಲ್ಲು ಕೀಳುವ ಚಿಮಟ ಎಲ್ಲವೂ ವಾಹನಗಳೇ. ಹೊರಗಿನ ದಾರಿಗಳನ್ನು ಎಣಿಸುವಾಗ ನಮ್ಮ ಮನೆಯ ಬಾಗಿಲನ್ನೂ ನೋಡಿಕೊಳ್ಳಬೇಕಾಗುತ್ತದೆ. ಖತ್ನಾವನ್ನು ಯಾರೂ ಪ್ರಶ್ನಿಸುತ್ತಿಲ್ಲ, ಪ್ರಶ್ನಿಸಬೇಕಾಗಿಯೂ ಇಲ್ಲ. ಆದರೆ ಸಾಮೂಹಿಕ ಖತ್ನಾದ ದಿನ ಸಾಲಾಗಿ ಕುಳಿತ ಮಕ್ಕಳಿಗೆ ಒಬ್ಬೊಬ್ಬರಿಗೂ ಬೇರೆ ಬ್ಲೇಡು, ಕುದಿಸಿ ಶುದ್ಧಗೊಳಿಸಿದ ಬೇರೆ ಸಲಕರಣೆ ಇದೆಯೇ ಎಂದು ಜಮಾಅತಿನ ಹಿರಿಯರು ಕೇಳಬೇಡವೇ? ಆ ದಿನದ ಪೆಂಡಾಲಿಗೂ ಬಿರಿಯಾನಿಗೂ ಆಗುವ ಖರ್ಚಿನ ಅಲ್ಪಾಂಶದಲ್ಲಿ ಒಬ್ಬ ಶಸ್ತ್ರಚಿಕಿತ್ಸಕರನ್ನು ಕರೆಸಬಹುದು.

ಇತ್ತೀಚಿನ ವರ್ಷಗಳಲ್ಲಿ ನಮ್ಮ ಯುವಕರಲ್ಲಿ ಹಿಜಾಮಾದ ಬಗ್ಗೆ ಬಹಳ ಉತ್ಸಾಹ ಕಂಡುಬರುತ್ತಿದೆ. ಪ್ರವಾದಿಚರ್ಯೆಯೆಂಬ ಗೌರವದಿಂದ ಜನ ಬರುತ್ತಾರೆ. ಚರ್ಮವನ್ನು ಗೀರಿ ರಕ್ತ ಹೀರುವ ಈ ವಿಧಾನದಲ್ಲಿ ಬ್ಲೇಡಿನಷ್ಟೇ ಕಪ್ಪಿಗೂ ರಕ್ತ ತಾಗುತ್ತದೆ. ಕಪ್ಪನ್ನು ಸಾಬೂನು ನೀರಿನಲ್ಲಿ ತೊಳೆದು ಮುಂದಿನವನ ಬೆನ್ನಿಗೆ ಹಚ್ಚುವುದು ಮೋಡಾಸಾದ ಸಿರಿಂಜಿಗಿಂತ ಭಿನ್ನವಲ್ಲ. ಹಜ್ಜಿನಲ್ಲಿ ತಲೆ ಬೋಳಿಸುವಾಗ ಒಬ್ಬರಿಗೆ ಬಳಸಿದ ಬ್ಲೇಡನ್ನು ಮತ್ತೊಬ್ಬರಿಗೆ ಬಳಸಬಾರದೆಂದು ಸೌದಿಯ ಆರೋಗ್ಯಾಧಿಕಾರಿಗಳು ಯಾತ್ರಿಕರಿಗೆ ತಿಳಿಹೇಳುವುದು ಇದೇ ಕಾರಣಕ್ಕೆ. ಮಿನಾದಲ್ಲಿ ಪಾಲಿಸುವ ಎಚ್ಚರ ಮುಧೋಳದ ಮೊಹಲ್ಲಾದಲ್ಲಿ ಏಕೆ ಬೇಡ?

ಇನ್ನು ಲಸಿಕೆಯ ಮಾತು. 1997ರವರೆಗೆ ಹೆಪಟೈಟಿಸ್ 'ಬಿ' ಲಸಿಕೆ ವಿದೇಶದಿಂದ ಬರುತ್ತಿತ್ತು, ಒಂದು ಡೋಸಿಗೆ ನೂರಾರು ರೂಪಾಯಿ. ಆ ವರ್ಷ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶೀಯವಾಗಿ ಲಸಿಕೆಯನ್ನು ತಯಾರಿಸಿ ಬೆಲೆಯನ್ನು ಬಡವನ ಎಟುಕಿಗೆ ತಂದಿತು. ಅದರ ಸ್ಥಾಪಕ ವರಪ್ರಸಾದ ರೆಡ್ಡಿಯವರಿಗೆ ಇಲ್ಲಿನ ಬಂಡವಾಳಗಾರರು ಕೈಕೊಟ್ಟಾಗ ನೆರವಿಗೆ ಬಂದವರು ಒಮಾನಿನ ವಿದೇಶಾಂಗ ಸಚಿವರಾಗಿದ್ದ ಯೂಸುಫ್ ಬಿನ್ ಅಲವಿ. ಗಲ್ಫಿನ ಹಣ ಭಾರತಕ್ಕೆ ಬರುವುದೆಂದರೆ ಅನುಮಾನದ ಕಣ್ಣಿನಿಂದಲೇ ನೋಡುವವರಿಗೆ ಈ ಸಂಗತಿ ಗೊತ್ತಿರಲಿಕ್ಕಿಲ್ಲ. ಇರಲಿ. ಸರಕಾರ 2002ರಲ್ಲಿ ಕೆಲವೇ ನಗರ ಮತ್ತು ಜಿಲ್ಲೆಗಳಲ್ಲಿ ಪ್ರಯೋಗಾರ್ಥ ಆರಂಭಿಸಿ, 2007-08ರಲ್ಲಿ ಕರ್ನಾಟಕವೂ ಸೇರಿದಂತೆ ಹತ್ತು ರಾಜ್ಯಗಳಿಗೆ, 2011ರಲ್ಲಿ ಇಡೀ ದೇಶಕ್ಕೆ ಇದನ್ನು ವಿಸ್ತರಿಸಿತು. 2013ರಿಂದ ನಮ್ಮ ರಾಜ್ಯದಲ್ಲಿ ಇದು ಪೆಂಟಾವೇಲೆಂಟ್ ಲಸಿಕೆಯ ಭಾಗ. ಹುಟ್ಟಿದ 24 ಗಂಟೆಯೊಳಗೆ ಒಂದು ಡೋಸು, ಬಳಿಕ 6, 10 ಮತ್ತು 14ನೆಯ ವಾರದಲ್ಲಿ. ಎಲ್ಲವೂ ಉಚಿತ.

ಆ ಮೊದಲ 24 ಗಂಟೆಯೇ ನಿರ್ಣಾಯಕ. ಒಂದೂವರೆ ತಿಂಗಳಿಗೆ ಕೊಡುವ ಲಸಿಕೆ ಹೆರಿಗೆಯ ಹೊತ್ತಿಗೆ ತಾಯಿಯಿಂದ ಬಂದ ಸೋಂಕನ್ನು ತಡೆಯಲಾರದು. ಮನೆಯಲ್ಲಿ ಹೆರಿಗೆಯಾದ ಮಗು, 'ನಾಳೆ ಹಾಕಿಸಿದರಾಯಿತು' ಎಂದು ಅಜ್ಜಿ ಎತ್ತಿಕೊಂಡು ಹೋದ ಮಗು, ಭಾನುವಾರ ಹುಟ್ಟಿತೆಂದು ಸೋಮವಾರಕ್ಕೆ ಮುಂದೂಡಲ್ಪಟ್ಟ ಮಗು, ಇವೇ ಕೈತಪ್ಪಿ ಹೋಗುವುದು. ತಾಯಿಗೆ ಸೋಂಕಿರುವುದು ಬಸಿರಿನಲ್ಲಿಯೇ ಗೊತ್ತಾದರೆ ಆಕೆಗೆ ಮಾತ್ರೆ ಕೊಡಬಹುದು, ಶಿಶುವಿಗೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ ಕೊಡಬಹುದು. ಪ್ರತಿಯೊಬ್ಬ ಗರ್ಭಿಣಿಗೂ ಈ ಪರೀಕ್ಷೆ ಆಗಬೇಕೆಂಬುದು ಸರಕಾರದ್ದೇ ನಿಯಮ. ಆಶಾ ಕಾರ್ಯಕರ್ತೆ ತಾಯಿ ಕಾರ್ಡು ಬರೆಯುವಾಗ 'ಎಚ್‌ಬಿಎಸ್‌ಎಜಿ' ಎಂಬ ಕಾಲಮ್ಮು ತುಂಬಿದೆಯೇ ಎಂದು ಮನೆಯವರು ಕೇಳಿ ನೋಡಲಿ. ಮಗುವಿಗೆ ಎದೆಹಾಲು ಕೊಡುವುದನ್ನು ಮಾತ್ರ ನಿಲ್ಲಿಸಬಾರದು. ಹಾಲಿನಿಂದ ಇದು ಹರಡುವುದಿಲ್ಲ.

ಸರಳ ಲೆಕ್ಕವೊಂದನ್ನು ಇಲ್ಲಿ ಮಾಡಿಕೊಳ್ಳಬೇಕು. 2007ಕ್ಕೆ ಮೊದಲು ಹುಟ್ಟಿದವರು, ಅಂದರೆ ಇಂದು ಮಗ್ಗ ನಡೆಸುವವರು, ಕಬ್ಬು ಕಡಿಯುವವರು, ಕ್ಷೌರದಂಗಡಿಯಲ್ಲಿ ನಿಂತವರು, ಚರಂಡಿಗೆ ಇಳಿಯುವ ಪೌರಕಾರ್ಮಿಕರು, ಇವರಲ್ಲಿ ಬಹುತೇಕರಿಗೆ ಈ ಲಸಿಕೆ ಬಿದ್ದೇ ಇಲ್ಲ. ಕಾರ್ಯಕ್ರಮ ಶಿಶುಗಳಿಗಾಗಿ ರೂಪುಗೊಂಡಿತು. ಶಿಶುಗಳನ್ನು ಸಾಕುವವರು ಹೊರಗುಳಿದರು. ಆಸ್ಪತ್ರೆಯ ಕಸ ಎತ್ತುವ ಗುತ್ತಿಗೆ ನೌಕರಳಿಗೆ ಚುಚ್ಚುವ ಸೂಜಿ, ಆಕೆ ಕಾಯಂ ನೌಕರಳೋ ಅಲ್ಲವೋ ಎಂದು ನೋಡುವುದಿಲ್ಲ. ರಾಜ್ಯ ಸರಕಾರ ಮತ್ತು ನಗರಸಭೆಗಳು ಮೊದಲು ಪೌರಕಾರ್ಮಿಕರು ಹಾಗೂ ಕ್ಷೌರಿಕರಿಗೆ ಮೂರು ಡೋಸುಗಳನ್ನು ಉಚಿತವಾಗಿ ಹಾಕಿಸಲಿ ಎಂಬುದು ನಮ್ಮ ಆಗ್ರಹ.

ನಮ್ಮ ಸಮುದಾಯದ ಅನೇಕ ಯುವಕರಿಗೆ ಈ ರೋಗದ ಹೆಸರು ಮೊದಲ ಬಾರಿ ಕೇಳಿಸುವುದು ಗಲ್ಫಿಗೆ ಹೊರಡುವ ವೈದ್ಯಕೀಯ ತಪಾಸಣೆಯಲ್ಲಿ. ಏಜೆಂಟನಿಗೆ ಸಾಲದ ಹಣ ಕೊಟ್ಟಾಗಿದೆ, ಪಾಸ್‌ಪೋರ್ಟು ಬಂದಿದೆ, ರಕ್ತದ ಪರೀಕ್ಷೆಯಲ್ಲಿ 'ಅನ್‌ಫಿಟ್' ಎಂಬ ಮುದ್ರೆ ಬೀಳುತ್ತದೆ. ಮುದ್ರೆ ಒತ್ತಿದವರು ಮುಂದೇನು ಮಾಡಬೇಕೆಂದು ಹೇಳುವುದಿಲ್ಲ. ಆತ ಊರಿಗೆ ಬಂದು ಸುಮ್ಮನಾಗುತ್ತಾನೆ, ಹೆಂಡತಿಗೂ ಹೇಳುವುದಿಲ್ಲ. ಹೇಳಿದ್ದರೆ ಆಕೆ ಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲದಿದ್ದರೆ ಮೂರು ಡೋಸು ಲಸಿಕೆ ಪಡೆದು ನಿಶ್ಚಿಂತಳಾಗಿರಬಹುದಿತ್ತು. ಈ ಮೌನಕ್ಕೆ ಅವನೊಬ್ಬನನ್ನು ದೂರುವುದು ನ್ಯಾಯವಲ್ಲ. ಸುದ್ದಿ ಹೊರಬಿದ್ದರೆ ತಂಗಿಯ ನಿಕಾಹ್ ನಿಲ್ಲುತ್ತದೆ, ದಾವತಿನಲ್ಲಿ ಅವನ ತಟ್ಟೆ ಬೇರೆಯಾಗುತ್ತದೆ ಎಂದು ಅವನಿಗೆ ಗೊತ್ತು. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಸಲಾಂ ಹೇಳಿ ಕೈಕುಲುಕುವುದರಿಂದ, ಆಲಿಂಗನದಿಂದ, ಮಸೀದಿಯ ಹೌಜಿನಲ್ಲಿ ವುಝೂ ಮಾಡುವುದರಿಂದ ಇದು ಹರಡುವುದಿಲ್ಲ ಎಂಬ ನಾಲ್ಕು ಮಾತನ್ನು ಜುಮಾದ ಖುತ್ಬಾದಲ್ಲಿ ಹೇಳಿದರೆ ಆ ಮೌನದ ಅರ್ಧ ಭಾರ ಇಳಿಯುತ್ತದೆ.

ಬಾಗಲಕೋಟೆ ಜಿಲ್ಲೆಗೆ ಇಂತಹ ಪಾಠ ಹೊಸತಲ್ಲ. 2003ರಲ್ಲಿ ಇದೇ ಜಿಲ್ಲೆಯಲ್ಲಿ ಸಾಮಾನ್ಯ ಜನರ ರಕ್ತ ಪರೀಕ್ಷಿಸಿ ನಡೆಸಿದ ಅಧ್ಯಯನವೊಂದು, ವಯಸ್ಕರಲ್ಲಿ ನೂರಕ್ಕೆ ಹತ್ತಿರಹತ್ತಿರ ಮೂವರಿಗೆ ಎಚ್‌ಐವಿ ಇದೆಯೆಂದು ಹೇಳಿ ಎಲ್ಲರನ್ನೂ ಬೆಚ್ಚಿಬೀಳಿಸಿತ್ತು. ಬಳಿಕ ಹಣ ಬಂತು, ಸಂಸ್ಥೆಗಳು ಬಂದವು, ಪರೀಕ್ಷಾ ಕೇಂದ್ರಗಳು ತೆರೆದವು, ಬೀದಿನಾಟಕಗಳಾದವು. ಇಂದು ಜಿಲ್ಲೆಯ ಯಾವ ಹಳ್ಳಿಯಲ್ಲೂ ಎಚ್‌ಐವಿ ಎಂದರೇನೆಂದು ವಿವರಿಸಬೇಕಾಗಿಲ್ಲ. ಸೋಂಕಿತರ ವಿರುದ್ಧದ ತಾರತಮ್ಯವನ್ನು ನಿಷೇಧಿಸುವ ಕಾನೂನು 2017ರಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಯಿತು. ಅದೇ ಸೂಜಿ, ಅದೇ ಬ್ಲೇಡು, ಅದೇ ಹಾಸಿಗೆಯ ದಾರಿಯಲ್ಲಿ, ಎಚ್‌ಐವಿಗಿಂತ ಎಷ್ಟೋ ಪಾಲು ಸುಲಭವಾಗಿ ಹರಡುವ ಹೆಪಟೈಟಿಸ್ 'ಬಿ'ಗೆ ಅಂತಹ ಕಾನೂನೂ ಇಲ್ಲ, ಅಂತಹ ಬೀದಿನಾಟಕವೂ ಇಲ್ಲ. ಒಂದು ರೋಗಕ್ಕೆ ವಿದೇಶಿ ನೆರವು ಹರಿದುಬಂತು, ಇನ್ನೊಂದಕ್ಕೆ ಬರಲಿಲ್ಲ; ವ್ಯತ್ಯಾಸಕ್ಕೆ ಇದಕ್ಕಿಂತ ಗಹನವಾದ ಕಾರಣ ನಮಗೆ ಕಾಣುತ್ತಿಲ್ಲ.

ಕೇಂದ್ರ ಸರಕಾರ 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಪರೀಕ್ಷೆ ಉಚಿತ, ಟೆನೊಫೊವಿರ್ ಮತ್ತು ಎಂಟೆಕಾವಿರ್ ಮಾತ್ರೆಗಳೂ ಉಚಿತ. ಮಾತ್ರೆ ವೈರಸ್ಸನ್ನು ಬೇರುಸಹಿತ ಕೀಳುವುದಿಲ್ಲ, ಅಡಗಿಸಿಡುತ್ತದೆ. ಆದ್ದರಿಂದ ಬಹುತೇಕರು ವರ್ಷಾನುಗಟ್ಟಲೆ, ಕೆಲವರು ಬದುಕಿನುದ್ದಕ್ಕೂ ದಿನಕ್ಕೊಂದು ಮಾತ್ರೆ ನುಂಗಬೇಕು. ಸೋಂಕಿರುವ ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಆದರೆ ಎಲ್ಲರಿಗೂ ಆರು ತಿಂಗಳಿಗೊಮ್ಮೆಯಾದರೂ ತಪಾಸಣೆ ಬೇಕು. ಕಾರ್ಯಕ್ರಮ ಕಾಗದದಲ್ಲಿ ಸುಂದರವಾಗಿದೆ. ಆದರೆ ಜಿಲ್ಲಾ ಆಸ್ಪತ್ರೆಯವರೆಗೆ ಹೋಗಿಬರುವುದೆಂದರೆ ತೇರದಾಳದ ನೇಕಾರನಿಗೆ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು. ಎರಡು ಬಾರಿ ಹೋಗಿ 'ಡಾಕ್ಟರ್ ಇಲ್ಲ, ನಾಳೆ ಬಾ' ಎನಿಸಿಕೊಂಡರೆ ಮೂರನೆಯ ಬಾರಿ ಅವನು ಹೋಗಲಾರ. ಜಮಖಂಡಿ, ಮುಧೋಳದ ತಾಲೂಕು ಆಸ್ಪತ್ರೆಗಳಲ್ಲಿಯೇ ವಾರದಲ್ಲಿ ನಿಶ್ಚಿತವಾದ ಒಂದು ದಿನ ಮಾತ್ರೆ ಸಿಗುವಂತಾಗಬೇಕು.

ಅರಿವಿನ ಹೆಸರಿನಲ್ಲಿ ನಡೆಯುತ್ತಿರುವುದರ ಬಗ್ಗೆಯೂ ಒಂದು ಮಾತು. ಪ್ರತಿ ಜುಲೈ 28ರಂದು ಆಸ್ಪತ್ರೆಯ ಗೋಡೆಗೆ ಭಿತ್ತಿಚಿತ್ರ ಬೀಳುತ್ತದೆ. ಅದರಲ್ಲಿ 'ಯಕೃತ್ತಿನ ಉರಿಯೂತ' ಎಂದಿರುತ್ತದೆ. ಕನ್ನಡದಲ್ಲಿ ಪದವಿ ಓದಿದವರಿಗೂ ಅದು ಒಮ್ಮೆಗೆ ಹೊಳೆಯದು. ಓಣಿಯ ಜನ ಲಿವರ್ ಎನ್ನುತ್ತಾರೆ, ಕಾಮಾಲೆ ಎನ್ನುತ್ತಾರೆ. ದಖನಿ ಆಡುವ ನಮ್ಮ ಮನೆಯ ಹೆಂಗಸರಿಗೆ ಅದು ಯರ್ಖಾನ್. 'ನೀರಿನ ಯರ್ಖಾನ್ ಬೇರೆ, ರಕ್ತದ ಯರ್ಖಾನ್ ಬೇರೆ' ಎಂಬ ಒಂದು ಸಾಲು ಆ ಇಡೀ ಭಿತ್ತಿಚಿತ್ರಕ್ಕಿಂತ ದೂರ ಹೋದೀತು.

ಈ ಭಾಗದ ರಾಜಕೀಯವನ್ನು ಬಲ್ಲವರಿಗೆ ಗೊತ್ತು, ಇಲ್ಲಿ ಚುನಾವಣೆಗಳು ಕಬ್ಬಿನ ದರ, ಆಲಮಟ್ಟಿಯ ಹಿನ್ನೀರು, ನೇಕಾರರ ಸಾಲಮನ್ನಾ ಇವುಗಳ ಸುತ್ತ ನಡೆಯುತ್ತವೆ. ಅವು ಸಣ್ಣ ವಿಷಯಗಳಲ್ಲ. ಆದರೆ ಸಾಲ ಮನ್ನಾ ಆದ ನೇಕಾರ ಲಿವರಿನ ಗಡ್ಡೆಯಿಂದ ಮತ್ತೆ ಸಾಲಗಾರನಾಗುತ್ತಾನೆಂಬುದನ್ನು ಯಾವ ಅಭ್ಯರ್ಥಿಯೂ ಭಾಷಣದಲ್ಲಿ ಹೇಳಿದ್ದನ್ನು ನಾವು ಕೇಳಿಲ್ಲ. ಇದೇ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ 1980ರ ದಶಕದ ಕೊನೆಗೆ ರೈತರು ಸರಕಾರದ ದಾರಿ ಕಾಯದೆ ತಮ್ಮದೇ ಹಣ, ತಮ್ಮದೇ ಬೆವರು ಹಾಕಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿ ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಿಟ್ಟರು. ಅದರ ಮುಂಚೂಣಿಯಲ್ಲಿದ್ದ ಸಿದ್ದು ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರಂಥವರನ್ನೇ ಬಾಗಲಕೋಟೆಯಲ್ಲಿ ಸೋಲಿಸಿದರು. ನದಿಗೆ ಅಡ್ಡಗಟ್ಟೆ ಕಟ್ಟಿದ ಜನಕ್ಕೆ ಒಂದು ಓಣಿಯ ಕ್ಷೌರಿಕರಿಗೆಲ್ಲ ಲಸಿಕೆ ಹಾಕಿಸುವುದು ಶಕ್ತಿಮೀರಿದ ಕೆಲಸವಲ್ಲ.

ಬೀಳಗಿ ತಾಲೂಕಿನ ಬಾಡಗಂಡಿ ಒಂದು ಕಾಲಕ್ಕೆ ಸಕ್ಕರೆ ಕಾರ್ಖಾನೆಯಿಂದಷ್ಟೇ ಹೊರಗಿನವರಿಗೆ ಪರಿಚಿತವಾಗಿತ್ತು. ಈಗ ಅಲ್ಲಿ ಎಸ್. ಆರ್. ಪಾಟೀಲ ವೈದ್ಯಕೀಯ ಕಾಲೇಜು ಎದ್ದಿದೆ. ಬಾಗಲಕೋಟೆಯಲ್ಲಿ ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಮೊದಲೇ ಇದೆ. ಎರಡೂ ಕಡೆ ಸಮುದಾಯ ವೈದ್ಯ ವಿಭಾಗಗಳಿವೆ, ಹಳ್ಳಿ-ಓಣಿಗಳಲ್ಲಿ ಸಮೀಕ್ಷೆ ನಡೆಸಬೇಕಾದ ವಿದ್ಯಾರ್ಥಿಗಳಿದ್ದಾರೆ. ಹಂಗಾಮಿನಲ್ಲಿ ಕಾರ್ಖಾನೆಯ ಸುತ್ತ ಬಿಡಾರ ಹೂಡುವ ಕಬ್ಬು ಕಡಿಯುವವರಿಂದ ಅವರು ಆರಂಭಿಸಲಿ. ಬೆರಳ ತುದಿಯ ಒಂದು ಹನಿ ರಕ್ತ, ಇಪ್ಪತ್ತು ನಿಮಿಷದ ಪರೀಕ್ಷೆ. ಮಸೀದಿ ಸಮಿತಿಗಳು ಜುಮಾ ದಿನ ಅಂಗಳವನ್ನೂ ಹತ್ತು ಕುರ್ಚಿಗಳನ್ನೂ ಬಿಟ್ಟುಕೊಡಲಿ. ಮಠಗಳೂ ನೇಕಾರರ ಸಹಕಾರ ಸಂಘಗಳೂ ಹಾಗೆಯೇ ಮಾಡಲಿ. ಫಲಿತಾಂಶವನ್ನು ಮಾತ್ರ ಸಮಿತಿಯ ಅಧ್ಯಕ್ಷರ ಕೈಗೆ ಕೊಡಬಾರದು, ಮೈಕಿನಲ್ಲಿ ಹೆಸರು ಕರೆಯಬಾರದು. ಚೀಟಿಯನ್ನು ಮಡಿಸಿ ಆಯಾ ವ್ಯಕ್ತಿಯ ಕೈಗೇ ಕೊಡಬೇಕು, ಸೋಂಕಿದ್ದರೆ ಮುಂದೆ ಯಾವ ದಿನ, ಯಾವ ಆಸ್ಪತ್ರೆಯ ಯಾವ ಕೋಣೆಗೆ ಹೋಗಬೇಕೆಂಬುದನ್ನು ಅದೇ ಚೀಟಿಯ ಹಿಂದೆ ಬರೆದಿರಬೇಕು.